ಅಪ್ಪನ ಮೊದಲ ಪಂಕ್ತಿ

ಹೋದ ತಿಂಗಳು ಅಪ್ಪ ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಿವೃತ್ತನಾದ. ಠಾಣೆಯವರು ಹಾರ ಹಾಕಿ, ಜೀಪಿನಲ್ಲಿ ಕೂರಿಸಿ, ಕಲಬುರಗಿಯ ಮನೆಗೆ ತಂದು ಬಿಟ್ಟರು. ಅವತ್ತೇ ನಾನು ತಾಕೀತು ಮಾಡಿದೆ: ಕಮಲಾಪುರದ ನನ್ನ ಗಂಡನ ಮನೆಯಲ್ಲಿ ಮಗನ ಜಾವಳ, ನೀನು ಮೊದಲನೇ ಪಂಕ್ತಿಯಲ್ಲಿ ಕೂತು ಉಣ್ಣಲೇಬೇಕು. ನನ್ನ ಮದುವೆಯ ದಿನ ಯಾರೋ ಮಂತ್ರಿ ಬರುತ್ತಾರೆಂದು ಬಂದೋಬಸ್ತಿಗೆ ಹೋದವನು ಹಂದರ ಬಿಚ್ಚುವಾಗ ಬಂದಿದ್ದ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಜಾವಳದ ದಿನ ಮಗುವಿನ ತಲೆ ಬೋಳಾಗುತ್ತಲೇ ಗಂಡಸರು ನಮ್ಮ ಮನೆಯಂಗಳದಲ್ಲಿ ಪಗಾರದ ವಾದ ಹೂಡಿದರು.

“ಪೊಲೀಸರಿಗೇನ್ ಕಮ್ಮಿರಿ? ಪಗಾರ ಬಂತು, ಪಿಂಚಣಿ ಬಂತು, ಮ್ಯಾಲ ಬೂಟು ಪುಕ್ಕಟ,” ಅಂತ ಶುರು ಮಾಡಿದವನು ಬೀರಲಿಂಗ ಮಾಮಾ. ಅವ್ವನ ತಮ್ಮ, ಶರಣಸಿರಸಗಿಯಲ್ಲಿ ಮಾಸ್ತರ.

“ಬೂಟು ನೀನಽ ಹಾಕ್ಕೋ. ನಿನ್ನ ಬ್ಯಾಸಗಿ ಸೂಟಿ ನನಗ ಕೊಡು,” ಎಂದ ಅಪ್ಪ. “ನನಗ ವಾರದ ರಜಾ ಅಂಬೋದು ಸಾಹೇಬ್ರ ಬಾಯಾಗಷ್ಟೇ ಇತ್ತು.”

ಬಸ್ ಡ್ರೈವರ್ ಆಗಿ ರಿಟೈರಾದ ನಬಿಸಾಬ್ ಕಾಕಾ ನಕ್ಕರು. “ಇಬ್ರೂ ಸುಮ್ನಿರ್ರಿ. ನನ್ನ ಪಿಂಚಣಿ ಎಷ್ಟಂತ ಕೇಳಿದ್ರ ಚಂದಾ ಎತ್ತಿ ಕೊಡ್ತೀರಿ.”

ಕೆಂಪು ಬಾಳೆ ಬೆಳೆಯುವ ನನ್ನ ಮಾವನವರು ಕೊನೆಗೆ ಬಾಯಿಬಿಟ್ಟರು. “ನನ್ನ ರಿಟೈರ್ ಯಾವಾಗಂತ ಬಾಳಿಗಿಡಕ್ಕ ಕೇಳೀನಿ. ಇನ್ನಾ ಆರ್ಡರ್ ಬಂದಿಲ್ಲ.”

ಎಲೆ ಹಾಕಿದ್ದರಿಂದ ವಾದ ನಿಂತಿತು. ಅಪ್ಪ ನನ್ನ ಮಾತಿಗೆ ಕಟ್ಟುಬಿದ್ದು ಮೊದಲ ಪಂಕ್ತಿಯಲ್ಲೇ ಕೂತ, ಆದರೆ ಗೇಟಿಗೆ ಮುಖ ಮಾಡಿ. ಬಡಿಸುವುದು ಮುಗಿಯುವಷ್ಟರಲ್ಲಿ ಹೊರಗೆ ಓಣಿಯಲ್ಲಿ ಹಾರ್ನ್ ಗದ್ದಲ. ನೆಂಟರ ಟೆಂಪೋ, ಕಬ್ಬಿನ ಟ್ರ್ಯಾಕ್ಟರ್ ಎದುರಾಬದುರಾ ಸಿಕ್ಕಿಕೊಂಡಿದ್ದವು. “ಈಗ ಬಂದೆ,” ಎಂದು ಅಪ್ಪ ಎದ್ದೇ ಹೋದ. ಹೊಸ ಅಂಗಿಯ ಜೇಬಿನಿಂದ ಸೀಟಿ ಹೊರಬಂತು. ಜಾವಳಕ್ಕೂ ಅದನ್ನು ಇಟ್ಟುಕೊಂಡು ಬಂದಿದ್ದ ಪುಣ್ಯಾತ್ಮ!

ನನಗೆ ಮೈಯೆಲ್ಲ ಉರಿಯಿತು. ಅವ್ವನಿಗೆ ದೂರು ಹೇಳೋಣವೆಂದು ಅಡುಗೆಮನೆಗೆ ನುಗ್ಗಿದರೆ, ಅವಳು ಅಪ್ಪನ ಡ್ಯೂಟಿ ಡಬ್ಬಿಗೆ ಹೋಳಿಗೆ ತುಂಬುತ್ತಿದ್ದಳು. ಅದನ್ನು ಕಲಬುರಗಿಯಿಂದ ಹೊತ್ತು ತಂದಿದ್ದಳು!

“ಅವ್ವಾ, ಇದು ಯಾರಿಗೆ?”

“ನಿಮ್ಮಪ್ಪಗ. ಇನ್ಯಾರಿಗೆ?”

“ಅಪ್ಪ ರಿಟೈರ್ ಆಗ್ಯಾನ.”

ಅವಳ ಕೈ ನಿಂತಿತು. ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. “ಹೌದಲ್ಲ,” ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿದವು. “ಯಾವ ಹಬ್ಬ, ಯಾವ ಮದುವಿ ಇದ್ರೂ ಮೊದಲು ಡಬ್ಬಿ ತುಂಬೂದು. ಅವರು ಬಂದು ಉಂಡ ಮ್ಯಾಲ ನಾ ಉಣ್ಣೂದು. ರೂಢಿ ಬಿದ್ದದ ನೋಡು.”

ಹಾಗಾದರೆ ಅವ್ವನೂ ಇಷ್ಟು ವರ್ಷ ಒಂದು ಪಂಕ್ತಿಯಲ್ಲೂ ಕೂತವಳಲ್ಲ.

ಓಣಿಗೆ ಹೋಗಿ ಅಪ್ಪನ ಬಾಯಿಂದಲೇ ಸೀಟಿ ಕಸಿದುಕೊಂಡೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಹಿಂದೆ ಸರಿದಿತ್ತು. ಅಪ್ಪನನ್ನು ಕರೆತಂದು ಅವನ ಎಲೆಯ ಮುಂದೆ ಕೂರಿಸಿದೆ. ಪಂಕ್ತಿಯವರು ಯಾರೂ ತುತ್ತು ಮುಟ್ಟದೆ ಅಪ್ಪನಿಗಾಗಿ ಕಾದಿದ್ದರು. ಬೀರಲಿಂಗ ಮಾಮಾನನ್ನು ಆಚೆ ಸರಿಸಿ, ಅಪ್ಪನ ಪಕ್ಕ ಇನ್ನೊಂದು ಎಲೆ ಹಾಕಿ, ಅವ್ವನನ್ನು ಕೂರಿಸಿದೆ. ಡಬ್ಬಿಯ ಹೋಳಿಗೆಯನ್ನು ಅವಳ ಎಲೆಗೇ ಬಡಿಸಿದೆ.

ಮತ್ತೆ ಹಾರ್ನ್ ಕೇಳಿತು. ಅಪ್ಪನ ಕೈ ಖಾಲಿ ಜೇಬಿಗೆ ಹೋಯಿತು, ಮೊಣಕಾಲು ಮೇಲೆದ್ದಿತು.

ಅವ್ವ ಅವನ ಮಣಿಕಟ್ಟು ಹಿಡಿದಳು. “ಕುಂದರ್ರಿ. ನನಗ ಹಸಿವಾಗ್ಯಾದ.”

ಅಪ್ಪ ಕೂತ.