ತಟ್ಟದೆ ಬಿಟ್ಟ ಬಾಗಿಲು

ಚಕ್ರವರ್ತಿಯ ದೇವರಿಗೆ ಧೂಪ ಹಾಕಲೊಲ್ಲದವರನ್ನು ಹುಡುಕಿಕೊಂಡು ಸಿಪಾಯಿಗಳು ಕಾರ್ತೇಜಿಗೆ ಬಂದಾಗ, ಕುಂಬಾರರ ಬೀದಿಯಲ್ಲಿ ನಮ್ಮ ಕ್ರೈಸ್ತ ಸಭೆಯವರನ್ನೆಲ್ಲ ಎಳೆದೊಯ್ದರು. ವಿಧವೆ ದೋನಾತಳ ಬಾಗಿಲನ್ನು ಮಾತ್ರ ತಟ್ಟಲಿಲ್ಲ. ಧೂಪ ಹಾಕಿದವರ ಮನೆಯನ್ನಷ್ಟೇ ಅವರು ಬಿಡುತ್ತಿದ್ದುದು; ಅವಳನ್ನು ಶಂಕಿಸಲು ಅಷ್ಟು ಸಾಕಿತ್ತು ನಮಗೆ. ಪಕ್ಕದ ನಮ್ಮ ಬೀದಿಗೆ ಅವರು ಬರಲೇ ಇಲ್ಲ, ದೇವರ ದಯೆ.

ಅಂದಿನಿಂದ ದೋನಾತ ಪ್ರಾರ್ಥನೆಯ ಮನೆಯ ಹೊಸ್ತಿಲಾಚೆ ನಿಲ್ಲುತ್ತಿದ್ದಳು. ರೊಟ್ಟಿ ಮುರಿಯುವ ಮುನ್ನ ಹೆಂಗಸರು ಒಬ್ಬರಿಗೊಬ್ಬರು ಶಾಂತಿಯ ಮುತ್ತಿಡುವಾಗ ಅವಳತ್ತ ಯಾರೂ ತಿರುಗುತ್ತಿರಲಿಲ್ಲ. ಪಕ್ಕದ ಮನೆಯ ಸೆಕುಂದುಲಳಂತೂ ಅವಳನ್ನು ಕಂಡರೆ ಉರಿದುಬೀಳುತ್ತಿದ್ದಳು. ಆ ಗಲಾಟೆಯ ದಿನಗಳಲ್ಲಿ ಸೆಕುಂದುಲ ಮಗಳ ಬಾಣಂತನಕ್ಕೆಂದು ಹಳ್ಳಿಗೆ ಹೋಗಿದ್ದಳು. ಹಾಗಾಗಿ ಮನೆಗೆ ಬೀಗ ಬಿದ್ದಿತ್ತೆಂದುಕೊಂಡು ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಈ ಭಾನುವಾರ ಹಿರಿಯರು ಕೇಳಿದರು: "ಇವಳನ್ನ ಒಳಗೆ ಸೇರಿಸ್ಕೊಳ್ಳೋಣ್ವಾ? ಬೇಡ ಅನ್ನೋರು ಈಗಲೇ ಹೇಳಿ. ಆಮೇಲೆ ಮಾತಿಲ್ಲ."

ಸೆಕುಂದುಲ ಎದ್ದಳು. "ಬೀದಿಯಲ್ಲೆಲ್ಲ ಬಾಗಿಲು ಮುರಿದ್ರು. ಇವಳ ಮನೆ ಹತ್ರ ಬಂದಾಗ ಮಾತ್ರ ಅವರ ಕೈ ಸೋತೋಯ್ತಾ?"

"ನಾನು ಧೂಪ ಹಾಕಿಲ್ಲ ಅಕ್ಕಾ."

"ನೀನು ಹಾಕಿಲ್ಲ, ಸರಿ. ನಿನ್ನ ಹೆಸರಲ್ಲಿ ಯಾರೇ ಹಾಕಿದ್ದು?"

ಗಂಡಸರ ಕಡೆಯಿಂದ ಸೆಕುಂದುಲಳ ಗಂಡ, ಎಣ್ಣೆ ವ್ಯಾಪಾರಿ ಗೆಮೆಲ್ಲ, "ಸಾಕು ಬಿಡೇ" ಎಂದ. ದೋನಾತ ಅವನನ್ನು ನೋಡಿದಳು. ನಾವು ಅದನ್ನು ಕಂಡೆವು, ತಕ್ಷಣ ಕೆಟ್ಟದ್ದನ್ನೇ ನೆನೆದೆವು. ನಮ್ಮ ಬುದ್ಧಿಗಿಷ್ಟು!

"ಅವರನ್ನೇನು ನೋಡ್ತೀಯ?" ಸೆಕುಂದುಲ ಕಿರುಚಿದಳು.

"ಅಕ್ಕಾ," ದೋನಾತ ಮೆಲ್ಲಗೆ ಕೇಳಿದಳು, "ನಿನ್ನ ಬಾಗಿಲು ತಟ್ಟಿದ್ರಾ?"

ಸೆಕುಂದುಲ ಗಂಡನತ್ತ ತಿರುಗಿದಳು. ಗೆಮೆಲ್ಲ ಮುಂದೆ ಬಂದ.

"ಧೂಪ ನಾನೇ ಹಾಕ್ದೆ," ಎಂದ. "ಮನೆಯೋರೆಲ್ಲರ ಹೆಸರಲ್ಲಿ. ನಿನ್ನ ಹೆಸರಲ್ಲೂ ಕಣೇ. ದೋನಾತಳ ಮನೆಗೂ ನಮ್ಮನೆಗೂ ಒಂದೇ ಗೋಡೆ, ಅಲ್ಲಿ ನುಗ್ಗಿದ್ರೆ ಇಲ್ಲಿಗೂ ಬರ್ತಿದ್ರು. ಅವಳೂ ನಮ್ಮ ಮನೆಯೋಳೇ ಅಂದ್ಬಿಟ್ಟೆ. ಅವಳಿಗೆ ಆಮೇಲೆ ಗೊತ್ತಾಯ್ತು. ನಿನಗೆ ಹೇಳ್ಬೇಡ ಅಂತ ಅವಳ ಕಾಲಿಗೆ ಬಿದ್ದಿದ್ದೆ."

ಹಿರಿಯರು ದೋನಾತಳನ್ನು ಒಳಗೆ ಕರೆದರು. ಅಷ್ಟರಲ್ಲಿ ಸೆಕುಂದುಲ ಸೆರಗು ಮುಖಕ್ಕೆಳೆದುಕೊಂಡು ಹೊಸ್ತಿಲು ದಾಟಿ ಹೊರಗೆ ನಿಂತಿದ್ದಳು. ದೋನಾತ ಒಳಗೆ ಬರಲಿಲ್ಲ. ಅಲ್ಲೇ ನಿಂತು ಅವಳ ಕೆನ್ನೆಗೆ ಮುತ್ತಿಟ್ಟಳು. ನನಗೆ ಅಳು ಬಂತು.

ಒಳಗೆ ಯಾರೂ ಯಾರಿಗೂ ಮುತ್ತಿಡಲಿಲ್ಲ. ಹೆಂಗಸರೆಲ್ಲ ಗಂಡಸರ ಕಡೆ ನೋಡುತ್ತಿದ್ದರು. ನಮ್ಮ ಬೀದಿಗೆ ಸಿಪಾಯಿಗಳು ಯಾಕೆ ಬರಲಿಲ್ಲ? ನಾನೂ ನನ್ನ ಗಂಡನತ್ತ ತಿರುಗಿದೆ. ಅವನು ಬಗ್ಗಿ, ಕಟ್ಟಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ.