ತಂತಿಯ ಮೇಲಿನ ಬಟ್ಟೆಗಳು

ಬಸವಕಲ್ಯಾಣದ ಹೆರಿಗೆ ವಾರ್ಡಿಗೆ ಮಧ್ಯಾಹ್ನದ ಡ್ಯೂಟಿಗೆ ಬಂದ ನರ್ಸ್ ತಾಹೇರಾ, ಬೆಳಿಗ್ಗೆ ಹೆತ್ತ ಮನೀಷಾಳ ನಾಡಿ ಹಿಡಿದಳು. ನೂರಾ ಮೂವತ್ತು. ಕೈ ತಣ್ಣಗೆ ಕೊರೆಯುತ್ತಿತ್ತು. ಚಾರ್ಟಿನಲ್ಲಿ ಮಾತ್ರ ಗಂಟೆಗೊಮ್ಮೆ ‘ರಕ್ತಸ್ರಾವ ನಾರ್ಮಲ್’ ಎಂದಿತ್ತು. ಹುಮನಾಬಾದಿಗೆ ಹೊರಟಿದ್ದ ಡಾಕ್ಟರಿಗೆ ಫೋನ್ ಮಾಡಿದಳು.

“ಚಾರ್ಟ್ ನಾರ್ಮಲ್ ಅದಲ್ಲ? ಸುಸ್ತಾಗಿರ್ತದ, ಚಾ ಕುಡಸ್ರಿ.”

ತಾಹೇರಾಳ ಸಿಟ್ಟು ನೆತ್ತಿಗೇರಿತು. ರಕ್ತಸ್ರಾವಕ್ಕೆಂದು ಮನೀಷಾಳಿಗೆ ಇಟ್ಟಿದ್ದ ಬಟ್ಟೆಯೇನೋ ಸ್ವಚ್ಛವಾಗಿಯೇ ಇತ್ತು. ಆದರೆ ನಾಡಿ ಸುಳ್ಳು ಹೇಳುವುದಿಲ್ಲ. ಹಾಗಾದರೆ ರಕ್ತ ಎಲ್ಲಿ ಹೋಯಿತು?

“ಆಯಿ, ಬಟ್ಟಿ ಎಷ್ಟ ಸಲ ಬದಲ ಮಾಡೀರಿ?” ಎಂದು ಮನೀಷಾಳ ಅತ್ತೆ ದ್ರೌಪತಿಯನ್ನು ಕೇಳಿದಳು.

“ಡಾಕ್ಟರ್ ಮುಂದ ಹೊಲಸ ಕಾಣಬಾರದಂತ ಆಗಾಗ ತೊಳದು ಹಾಕೀನ್ರಿ.”

ಮುದುಕಿ ಕಿಟಕಿಯಾಚೆ ತೋರಿಸಿದಳು. ತಂತಿಯ ಮೇಲೆ ಹಳೆ ಸೀರೆಯ ಹನ್ನೊಂದು ತುಂಡುಗಳು ಒಣಗುತ್ತಿದ್ದವು. ಬೆಳಗಿನ ಪಾಳಿಯ ನರ್ಸ್ ಪ್ರತಿ ಸಲ ಹೊಸ ಬಟ್ಟೆಯನ್ನಷ್ಟೇ ನೋಡಿ ‘ನಾರ್ಮಲ್’ ಎಂದು ಬರೆದಿದ್ದಳು. ಕೇಳದೆ ಬರೆಯುವುದಕ್ಕೆ ನರ್ಸ್ ಯಾಕೆ ಬೇಕು, ಗುಮಾಸ್ತ ಸಾಲದೇ?

ಸಲೈನ್ ಹಚ್ಚಿ, ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲೆಂದು ಒಂದು ಕೈಯಲ್ಲಿ ಮನೀಷಾಳ ಕಿಬ್ಬೊಟ್ಟೆ ತಿಕ್ಕುತ್ತಲೇ ತಾಹೇರಾ ಮತ್ತೆ ಫೋನ್ ಹಚ್ಚಿದಳು.

“ಸರ್, ಹನ್ನೊಂದು ಬಟ್ಟಿ ತೋಯ್ದಾವ. ಹೊಳ್ಳಿ ಬರ್ರಿ.”

“ಚಾರ್ಟಿನ್ಯಾಗ ಅದು ಇಲ್ಲಲ್ಲ?”

“ಈಗ ಅದರೀ. ಎರಡು ಗಂಟಿ ಹತ್ತು ನಿಮಿಷಕ್ಕ ಡಾಕ್ಟರ್ ಚಾ ಕುಡಸ್ರಿ ಅಂದ್ರು ಅಂತನೂ ಬರದೀನಿ. ಅದರ ಕೆಳಗ ಏನ್ ಬರೀಲಿ, ಹೇಳ್ರಿ.”