ಪೂಜೆಯ ಹೊತ್ತಿನ ಓಟಿಪಿ

ಬಾಳಪ್ಪನವರ ಮನೆಯಲ್ಲಿ ಮೂವರಿಗೂ ಒಂದೇ ಮೊಬೈಲ್ ನಂಬರು. ಫೋನುಗಳು ಮೂರಿದ್ದವು, ಅದು ಬೇರೆ ಮಾತು. ಆದರೆ ಆಧಾರಿರಲಿ, ಪ್ಯಾನಿರಲಿ, ಗ್ಯಾಸಿನ ಪುಸ್ತಕವಿರಲಿ, ನಂಬರು ಕೇಳಿದಲ್ಲೆಲ್ಲ ಬಾಳಪ್ಪನವರು ತಮ್ಮದನ್ನೇ ಬಾಯಿಪಾಠ ಒಪ್ಪಿಸಿಬಿಡುತ್ತಿದ್ದರು. ಮಗಳು ಶೀತಲಳ ಆಧಾರಿಗೂ ಅದೇ ನಂಬರು, ಅವಳಿಗೆ ಹದಿನೆಂಟು ತುಂಬಿದಾಗ ಮಾಡಿಸಿದ ಪ್ಯಾನಿಗೂ ಅದೇ. "ಮನಿ ಅಂದಮ್ಯಾಲ ಒಬ್ಬಾಂವ ಜವಾಬ್ದಾರ ಇರಬೇಕು" ಎಂಬುದು ಅವರ ವಾದ. ಖಾನಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ತಲೆ ನೆರೆಸಿಕೊಂಡವರು ಅವರು. ಇನ್ನೊಬ್ಬರು ಜವಾಬ್ದಾರಿ ಹೊತ್ತರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಇಂಥ ಒಂದೇ ನಂಬರಿನ ಸಂಸಾರದಲ್ಲಿ ಶೀತಲ ಕದ್ದು ಗಳಿಸುತ್ತಿದ್ದಳು.

ಕದ್ದು ಎಂದರೆ ಕಳ್ಳತನವೇನಲ್ಲ. ಬೆಳಗಾವಿಯಲ್ಲಿ ಎಂ.ಕಾಂ. ಓದುತ್ತ, ಅನಗೋಳದ ಓಣಿಯೊಂದರಲ್ಲಿ ಗೆಳತಿಯರ ಜೊತೆ ಖೋಲಿ ಹಿಡಿದಿದ್ದ ಅವಳು, ಬಿಡುವಿದ್ದಾಗ ಜಾಹೀರಾತಿನ ಕಂಪನಿಯೊಂದಕ್ಕೆ ದನಿ ಕೊಡುತ್ತಿದ್ದಳು. ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗುವ ಆಟೋಗಳಿಂದ "ಬರ್ರಿ ಅಕ್ಕಾರ, ಬರ್ರಿ ಕಾಕೂರ, ಆಷಾಢದ ಸೀರಿ ಸೇಲ್ ಚಾಲೂ ಆಗೇತ್ರಿ!" ಎಂದು ಕರೆಯುವ ಲವಲವಿಕೆಯ ದನಿ ಇದೆಯಲ್ಲ, ಅದು ಶೀತಲಳದು. ಅದೇ ಉಸಿರಿನಲ್ಲಿ ಮರಾಠಿಯಲ್ಲೂ ಅಕ್ಕಂದಿರನ್ನು ತಾಈ, ಅತ್ತಿಗೆಯರನ್ನು ವಹಿನಿ ಎಂದು ಕರೆದು ಮುಗಿಸುತ್ತಿದ್ದಳು. ಒಬ್ಬಳ ಖರ್ಚಿನಲ್ಲಿ ಇಬ್ಬರು ಸಿಕ್ಕರೆಂದು ಕಂಪನಿಯವರು ಖುಷಿಯಾಗಿದ್ದರು. ಅವಳ ಪ್ಯಾನ್ ನಂಬರು ಇಸಿದುಕೊಂಡು, ಕೊಡುವ ದುಡ್ಡಿನಲ್ಲಿ ಹತ್ತಕ್ಕೊಂದು ಪಾಲು ತೆರಿಗೆ ಮುರಿದುಕೊಂಡೇ ಕೊಡುತ್ತಿದ್ದರು.

"ಟ್ಯಾಕ್ಸ್ ಬೀಳೂವಷ್ಟು ನೀ ಎಲ್ಲಿ ಗಳಿಸೀದಿ? ರಿಟರ್ನ್ ತುಂಬಿದ್ರ ಮುರಕೊಂಡಿದ್ದೆಲ್ಲಾ ವಾಪಸ್ ಬರತೈತಿ" ಎಂದು ಹೇಳಿದವನು ಅನಿಕೇತ. ಶೀತಲಳ ಜೊತೆ ಬಿ.ಕಾಂ. ಮುಗಿಸಿ ಈಗ ಸಿ.ಎ. ಓದುತ್ತಿದ್ದ ಹುಡುಗ. ವಾಪಸ್ ಬರುವ ದುಡ್ಡಿನಲ್ಲಿ ಒಂದು ಸ್ವಂತ ಮೈಕು ಬರುತ್ತಿತ್ತು. ಮೈಕು ಬಂದರೆ ಖೋಲಿಯಲ್ಲೇ ಕುಳಿತು ಇನ್ನಷ್ಟು ಕೆಲಸ ಮಾಡಬಹುದಿತ್ತು. ಶೀತಲಳಿಗೆ ಆಸೆ ಹುಟ್ಟಿತು, ಅದರ ಬೆನ್ನಿಗೇ ಭಯವೂ ಹುಟ್ಟಿತು.

ಭಯ ಅಪ್ಪನದು. ಅಪ್ಪ ಬೈಯುತ್ತಾರೆಂದಲ್ಲ. ಕಚೇರಿಯ ಎಲ್ಲ ನೌಕರರ ಆರೋಗ್ಯ ಕಾರ್ಡಿನ ಕೆಲಸ ಬಾಳಪ್ಪನವರ ಮೇಜಿನದೇ. ಯಾರ ಮನೆಯಲ್ಲಿ ಯಾರು ಆಶ್ರಿತರು, ಯಾರು ಅಲ್ಲ ಎಂಬ ಯಾದಿ ಅವರೇ ಬರೆಯಬೇಕು. ಎರಡು ವರ್ಷದ ಹಿಂದೆ ಪಕ್ಕದ ಮೇಜಿನ ದುಂಡಪ್ಪ, ಕೆಲಸಕ್ಕೆ ಸೇರಿದ ಮಗನ ಹೆಸರನ್ನು ಹಾಗೇ ಉಳಿಸಿಕೊಂಡಿದ್ದ. ಬಾಳಪ್ಪನವರು ಇಡೀ ಕಚೇರಿಗೆ ಕೇಳುವಂತೆ, "ಗಳಸೂ ಮಗ ಆಶ್ರಿತ ಹೆಂಗಾಗ್ತಾನೋ ದುಂಡಪ್ಪಾ?" ಎಂದು ಕೇಳಿ ಹೆಸರು ಹೊಡೆದು ಹಾಕಿದ್ದರು. ಅಷ್ಟಾದರೂ ಗೆಳೆತನ ಕೆಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಇಬ್ಬರೂ ದಿನಾ ಕೂಡಿಯೇ ಚಹಾ ಕುಡಿಯುತ್ತಿದ್ದರು. ದುಡ್ಡು ಮಾತ್ರ ಬಾಳಪ್ಪನವರೇ ಕೊಡಬೇಕು. ಬೇರೆಯವರ ಕೈ ಜೇಬಿಗೆ ಹೋಯಿತೆಂದರೆ ಗಟ್ಟಿಯಾಗಿ ಹಿಡಿದು ನಿಲ್ಲಿಸುವರು.

ಇಂಥವರ ಯಾದಿಯಲ್ಲಿ ಮಗಳ ಹೆಸರು ಮುತ್ತಿನಂಥ ಅಕ್ಷರದಲ್ಲಿ ಕುಳಿತಿದೆ ಎಂದೇ ಶೀತಲ ನಂಬಿದ್ದಳು. ಮಗಳಿಗೆ ಗಳಿಕೆ ಇಲ್ಲವೆಂದು ಅಪ್ಪ ಆ ಯಾದಿಗೆ ಪ್ರತಿ ವರ್ಷ ಸಹಿ ಹಾಕುತ್ತಾರೆ ಎಂಬುದು ಅವಳ ಎಣಿಕೆ. ತನ್ನ ಗಳಿಕೆ ಹೊರಬಿದ್ದರೆ ಆ ಸಹಿ ಸುಳ್ಳಾಗುತ್ತದೆ, ದುಂಡಪ್ಪನ ಮುಂದೆ ಅಪ್ಪನ ತಲೆ ತಗ್ಗುತ್ತದೆ ಎಂದು ನೆನೆದಾಗಲೆಲ್ಲ ಅವಳು ರಿಟರ್ನಿನ ಮಾತನ್ನು ಮುಂದೂಡುತ್ತಿದ್ದಳು. ಹಾಗೆಂದು ಮೈಕಿನ ಮುಂದೆ ನಿಲ್ಲುವ ಸುಖ ಬಿಡಲೂ ಮನಸ್ಸಿಲ್ಲ. ಅವ್ವ ಕಾಂತಾಳಿಗೆ ಮಾತ್ರ ಎಲ್ಲ ಹೇಳಿ, ಬಾಯಿಗೆ ಬೀಗ ಹಾಕಿಸಿದ್ದಳು.

ಜುಲೈ ತಿಂಗಳು ಮುಗಿಯುತ್ತ ಬಂದಾಗ ಅನಿಕೇತ ರಿಟರ್ನ್ ತುಂಬಿದ. "ಆತು. ಇನ್ನ ನಿನ್ನ ಆಧಾರಿನ ನಂಬರಿಗೆ ಓಟಿಪಿ ಬರತೈತಿ. ಅದನ್ನ ಹಾಕಿದ್ರ ಮುಗೀತು."

"ಆ ನಂಬರು ಅಪ್ಪಾಜೀದು."

ಅನಿಕೇತ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ದಾರಿ ಇಲ್ಲವೇ ಎಂದರೆ ತಲೆ ಕೆರೆದುಕೊಂಡ. ಅವನಿಗೆ ಪಾಠವಾಗಿದ್ದು ಇದೊಂದೇ ದಾರಿ.

ಬಾಳಪ್ಪನವರಿಂದ ಓಟಿಪಿ ಪಡೆಯುವುದು ಹುಡುಗಾಟವಲ್ಲ. ಓಣಿಯಲ್ಲಿ ಯಾರೋ ಫೋನಿನಲ್ಲಿ ನಂಬರು ಹೇಳಿ ಮೋಸ ಹೋದ ದಿನದಿಂದ ಅವರು ಓಟಿಪಿಯನ್ನು ಪ್ರಾಣದಂತೆ ಕಾಯುತ್ತಿದ್ದರು. ಒಮ್ಮೆ ಕಾಂತಾ ತರಿಸಿದ ಮಿಕ್ಸರಿನ ಜಾರು ಬಾಗಿಲ ತನಕ ಬಂದಿತ್ತು. ತಂದ ಹುಡುಗ "ಓಟಿಪಿ ಹೇಳ್ರಿ ಕಾಕಾ" ಎಂದ. "ನಾ ಯಾಕ ಹೇಳಲಿ?" ಎಂದರು ಇವರು. ಹುಡುಗ ಬೇಡಿಕೊಂಡ, ಕಾಂತಾ ಕೂಗಾಡಿದಳು. ಕೊನೆಗೆ ಜಾರು ಬಂದ ದಾರಿಯಲ್ಲೇ ಹೋಯಿತು. ಅವತ್ತಿನಿಂದ ಆ ಮನೆಯ ಚಟ್ನಿ ಒರಳಿನಲ್ಲೇ.

"ಪೂಜೀಗೆ ಕುಂತಾಗ ಬಿಟ್ರ ಬ್ಯಾರೆ ಹೊತ್ತಿಲ್ಲ ನೋಡು," ಎಂದು ದಾರಿ ತೋರಿಸಿದವಳು ಅವ್ವ. ಬಾಳಪ್ಪನವರು ದಿನಾ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕುಳಿತರೆಂದರೆ ಪೂಜೆ ಮುಗಿಯುವ ತನಕ ಮಾತಿಲ್ಲ, ಏಳುವುದಿಲ್ಲ, ದೃಷ್ಟಿ ಕದಲಿಸುವುದಿಲ್ಲ. ಆ ಹೊತ್ತಿನಲ್ಲಿ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಬಿದ್ದಿರುತ್ತದೆ. ಮೆಸೇಜು ಬಂದರೆ ಪರದೆಯ ಮೇಲೇ ಕಾಣುತ್ತದೆ. ಇನ್ನೇನು ಬೇಕು!

ಶನಿವಾರ ಸಂಜೆಯ ಬಸ್ಸಿಗೆ ಕುಂದಾ ಮಿಠಾಯಿಯ ಡಬ್ಬಿ ಹಿಡಿದು ಶೀತಲ ಖಾನಾಪುರಕ್ಕೆ ಬಂದಳು. ಬಸ್ ಸ್ಟ್ಯಾಂಡಿಗೆ ಅಪ್ಪ ತಮ್ಮ ಹಳೆಯ ಸ್ಕೂಟರು ತಂದಿದ್ದರು. ಅದನ್ನು ಎಡಕ್ಕೆ ವಾಲಿಸಿ ಕಿಕ್ ಹೊಡೆಯದಿದ್ದರೆ ಚಾಲೂ ಆಗುವುದಿಲ್ಲ.

"ಯುಗಾದಿಗೆ ಹೊಸಾ ಗಾಡಿ ತಗೋತೀನಿ ಅಂದಿದ್ರಲ್ಲಾ ಅಪ್ಪಾಜಿ?"

"ಇದಕ್ಕ ಇನ್ನೂ ಜೀವ ಐತಿ ಬಿಡ," ಎಂದು ಅಪ್ಪ ಮತ್ತೊಂದು ಕಿಕ್ ಹೊಡೆದರು.

ರವಿವಾರ ಬೆಳಿಗ್ಗೆ ಬಾಳಪ್ಪನವರ ಜಳಕವಾಯಿತು. ದೇವರ ಮನೆಯ ಬಾಗಿಲು ಕಿರುಗುಟ್ಟಿತು. ಶೀತಲ ತನ್ನ ಫೋನಿನಲ್ಲಿ ಎಲ್ಲ ಸಜ್ಜು ಮಾಡಿಕೊಂಡು ಅಡುಗೆಮನೆಯಲ್ಲಿ ನಿಂತು, ಓಟಿಪಿ ಕಳಿಸು ಎಂಬ ಗುಂಡಿ ಒತ್ತಿದಳು. ಅವ್ವನೂ ಮಗಳೂ ಒಟ್ಟಿಗೇ ಕಟ್ಟೆಯ ಕಡೆ ತಿರುಗಿದರು.

ಕಟ್ಟೆಯ ಮೇಲೆ ಚಾರ್ಜರಿನ ವೈರು ಒಂದೇ ಬಿದ್ದಿತ್ತು.

"ಟಣ್" ಎಂಬ ಸಪ್ಪಳ ದೇವರ ಮನೆಯಿಂದ ಬಂತು.

"ಎಂದೂ ಒಯ್ಯದಾಂವ ಇವತ್ತ್ಯಾಕ ಒಯ್ದ?" ಎಂದು ಕಾಂತಾ ಹಣೆ ಬಡಿದುಕೊಂಡಳು. ತಡ ಮಾಡುವಂತಿರಲಿಲ್ಲ, ಓಟಿಪಿಯ ಆಯುಷ್ಯವೇ ಕೆಲವು ನಿಮಿಷ. ಅವ್ವ ಹೂವಿನ ಬುಟ್ಟಿಯನ್ನು ಮಗಳ ಕೈಗೆ ತುರುಕಿ ಒಳಗೆ ದಬ್ಬಿದಳು.

ಶೀತಲ ಬೆಕ್ಕಿನ ಹೆಜ್ಜೆಯಲ್ಲಿ ಹೋದಳು. ಅಪ್ಪ ಮಣೆಯ ಮೇಲೆ ಕುಳಿತಿದ್ದರು, ದೃಷ್ಟಿ ಅಂಗೈಯ ಲಿಂಗದ ಮೇಲಿತ್ತು. ಬಲಗಡೆ ವಿಭೂತಿಯ ಪಕ್ಕದಲ್ಲಿ ಫೋನು ಬೋರಲಾಗಿ ಮಲಗಿತ್ತು. ಅವಳು ಬುಟ್ಟಿ ಇಡುವ ನೆಪದಲ್ಲಿ ಬಾಗಿ, ಒಂದು ಬೆರಳನ್ನು ಫೋನಿನ ಕಡೆ ಚಾಚಿದಳು.

ಅಪ್ಪನ ಬಲಗೈ ಎದ್ದಿತು. ಫೋನನ್ನು ಎತ್ತಿಕೊಂಡಿತು. ಅವರು ಕಣ್ಣು ಕದಲಿಸಲಿಲ್ಲ, ತುಟಿ ಬಿಚ್ಚಲಿಲ್ಲ. ಪರದೆಯನ್ನು ಮಗಳ ಮುಖದ ನೇರಕ್ಕೆ ತಿರುಗಿಸಿ ಹಾಗೇ ಹಿಡಿದರು.

ಶೀತಲಳ ಚಾಚಿದ ಬೆರಳು ಅಲ್ಲೇ ನಿಂತಿತು. ಕಣ್ಣು ಮಾತ್ರ ತನ್ನ ಕೆಲಸ ಬಿಡಲಿಲ್ಲ, ಆರೂ ಅಂಕಿ ಓದಿಕೊಂಡಿತು. ಹಿಂದೆ ಹಿಂದೆ ಸರಿದು ಅಡುಗೆಮನೆಗೆ ಬಂದು, ತನ್ನ ಫೋನಿನಲ್ಲಿ ಹಾಕಿದಳು. ಹಸಿರು ಗುರುತು ಬಂತು.

"ಆತೇನ?"

"ಆತವ್ವ. ಆದ್ರ ಅಪ್ಪಾಜೀನ ತೋರಿಸಿದ್ರು."

ಕಾಂತಾಳ ಕೈಯ ಚಮಚ ಉಪ್ಪಿಟ್ಟಿನೊಳಗೆ ಬಿತ್ತು.

ಅವತ್ತಿನ ಪೂಜೆ ಮುಗಿಯಲೇ ಒಲ್ಲದು. ಬೇಕೆಂದೇ ಲಂಬಿಸುತ್ತಿದ್ದಾರೆ ಎಂದು ಕಾಂತಾ ಗೊಣಗಿದಳು. ಕೊನೆಗೆ ಬಾಳಪ್ಪನವರು ಹೊರಗೆ ಬಂದು, ಶಲ್ಯ ಕೊಡವಿ, ತಾಟಿನ ಮುಂದೆ ಕುಳಿತರು. ಉಪ್ಪಿಟ್ಟು ಮುಗಿಸಿ ಕುಂದಾ ಬಾಯಿಗೆ ಹಾಕಿಕೊಂಡ ಮೇಲೆ ಮಾತು ಹೊರಟಿತು.

"ಯಾರಿಗೂ ಹೇಳಬ್ಯಾಡ್ರಿ ಅಂತ ಮೆಸೇಜಿನ್ಯಾಗ ಬರದಿದ್ರು. ನಾ ಹೇಳಿಲ್ಲ. ತೋರಿಸೀನಿ."

ಶೀತಲಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಪ್ಪಾಜಿ, ನಿಮಗ ಯಾವಾಗಿಂದ ಗೊತ್ತು?"

"ಹ್ವಾದ ವರ್ಷ ಪಂಚಮಿ ಹೊತ್ತಿಗೆ ಒಂದು ಮೆಸೇಜ್ ಬಂತು. ನಿಮ್ಮ ಪ್ಯಾನಿನ ಮ್ಯಾಲ ಇಷ್ಟು ಟ್ಯಾಕ್ಸ್ ಜಮಾ ಅಂತ. ಇದ್ಯಾವ ಟ್ಯಾಕ್ಸಪಾ ಅಂತ ನೋಡಿದ್ರ, ಪ್ಯಾನ್ ನಿಂದು. ಅದನ್ನ ಮಾಡಿಸಿದಾಂವ ನಾನ ಅಲ್ಲೇನು? ಆಮ್ಯಾಲೂ ಬರಕೋತನ ಹೋದ್ವು. ರಿಟರ್ನ್ ತುಂಬೈತಿ, ಇನ್ನ ಓಟಿಪಿ ಹಾಕ್ರಿ ಅಂತ ಮೊನ್ನೆ ಬಂದದ್ದು ನೋಡೇ ಇವತ್ತ ಫೋನ್ ಒಳಗ ಒಯ್ದಿದ್ದೆ."

ಶೀತಲ ತಲೆ ಹಿಡಿದುಕೊಂಡಳು. ಒಂದು ವರ್ಷ ಅವ್ವನ ಬಾಯಿಗೆ ಬೀಗ ಹಾಕಿದ್ದಳು, ತನ್ನ ಬಾಯಿಗೆ ಹಾಕಿಕೊಂಡಿದ್ದಳು. ಸರ್ಕಾರದ ಬಾಯಿ ಅವಳ ನೆನಪಿಗೇ ಬಂದಿರಲಿಲ್ಲ.

"ನನಗ ಒಂದ ಮಾತ ಹೇಳಲಿಲ್ಲಲ್ರೀ!" ಎಂದು ಕಾಂತಾ ಸಿಡಿದಳು.

"ನೀ ನನಗ ಹೇಳಿದ್ದೇನು?" ಎಂದರು ಬಾಳಪ್ಪನವರು. ಕಾಂತಾ ಉಪ್ಪಿಟ್ಟಿನ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು.

ಶೀತಲಳ ಮನಸ್ಸು ಮಾತ್ರ ಕಚೇರಿಯ ಮೇಜಿನ ಮೇಲಿತ್ತು. "ಮತ್ತ ಆ ಯಾದಿ? ಗಳಿಕಿ ಇಲ್ಲ ಅಂತ ನೀವು ಸಹಿ ಮಾಡಿದ್ದು?"

"ಎಲ್ಲಿ ಮಾಡೀನಿ? ಮೆಸೇಜ್ ಬಂದ ಮರುದಿನಾನ ನಿನ್ನ ಹೆಸರು ಹೊಡದ ಹಾಕೀನಿ. ದುಂಡಪ್ಪಗೊಂದು ಕಾಯ್ದೆ, ನನಗೊಂದು ಕಾಯ್ದೆ ಐತೇನು?"

ಶೀತಲ ಲೆಕ್ಕ ಹಾಕಿದಳು. ಪಂಚಮಿಯ ಆಚೆಗೆ ದೀಪಾವಳಿ. ದೀಪಾವಳಿ ಮುಗಿದ ವಾರವೇ ಅವಳಿಗೆ ಟೈಫಾಯ್ಡ್ ಬಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಬಿಡುಗಡೆಯ ದಿನ ಕಾರ್ಡು ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, "ಅವರ ಮಷೀನ್ ಬಂದ್ ಬಿದ್ದೈತಿ, ನಾ ಎಲ್ಲಾ ನೋಡಕೋತೀನಿ, ನೀ ಮಲಕೋ" ಎಂದಿದ್ದರು. ಮಷೀನು ಬಂದ್ ಬಿದ್ದಿರಲಿಲ್ಲ. ಕಾರ್ಡಿನಲ್ಲಿ ಅವಳ ಹೆಸರೇ ಇರಲಿಲ್ಲ. ಯುಗಾದಿಗೆ ಬರಬೇಕಾಗಿದ್ದ ಹೊಸ ಗಾಡಿ ಆಸ್ಪತ್ರೆಯ ಬಿಲ್ಲಿನ ಕಿಟಕಿಯಲ್ಲಿ ಹೋಗಿಬಿಟ್ಟಿತ್ತು.

ಅವಳಿಗೆ ತಡೆಯಲಾಗಲಿಲ್ಲ, ಅಳು ಬಂತು. ಇಷ್ಟು ದಿನ ಅಪ್ಪನ ಸಹಿಯ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಅಪ್ಪ ತಮ್ಮ ಸಹಿಯನ್ನೂ ಕಾದಿದ್ದರು, ಅವಳ ಗುಟ್ಟನ್ನೂ ಕಾದಿದ್ದರು. "ಯಾಕ ಕೇಳಲಿಲ್ರೀ ನನ್ನ? ಆವಾಗನ ಕೇಳಿದ್ರ ಹೇಳತಿದ್ದೆ."

"ನೀನ ಹೇಳ್ತಿ ಅಂತ ಕಾದೆ. ರವಿವಾರ ಬಂದಾಗೊಮ್ಮೆ ಕಾದೆ. ಸಿಟ್ಟೂ ಬಂದಿತ್ತು, ಸುಳ್ಳ ಯಾಕ ಹೇಳಲಿ." ಬಾಳಪ್ಪನವರು ಇನ್ನೊಂದು ತುಂಡು ಕುಂದಾ ಎತ್ತಿಕೊಂಡರು. "ಹೆಸರು ಹೊಡದ ಹಾಕೂ ಮುಂದ ಮಗಳು ಕೈ ಬಿಟ್ಟಳು ಅನಿಸ್ತು. ಆಮ್ಯಾಲ ಒಂದಿನ ಕಚೇರಿ ಮುಂದ ಆ ಆಟೋ ಬಂತು. ಬರ್ರಿ ಅಕ್ಕಾರ, ಬರ್ರಿ ಕಾಕೂರ. ಸಣ್ಣಾಕಿದ್ದಾಗ ಜಳಕದ ಮನ್ಯಾಗ ಹಂಗ ಒದರತಿದ್ದಿ. ನಾ ಫೈಲ್ ಬಿಟ್ಟು ಗಾಡಿ ತಗೊಂಡು ಮೂರು ಓಣಿ ಅದರ ಹಿಂದ ಹೋಗೀನಿ."

"ಕಚೇರಿ ಬಿಟ್ಟು?"

"ಅರ್ಧಾ ದಿನದ ರಜಾ ಬರದ ಕೊಟ್ಟೀನಿ" ಎಂದರು ಬಾಳಪ್ಪನವರು, ಅವಳು ತಮ್ಮನ್ನು ಏನೆಂದುಕೊಂಡಳೋ ಎಂಬಂತೆ.

ಇಳಿಹೊತ್ತಿಗೆ ಅಪ್ಪ ಮಗಳು ಬಸ್ ಸ್ಟ್ಯಾಂಡಿಗೆ ಹೊರಟರು. ಸ್ಕೂಟರು ಎಡಕ್ಕೆ ವಾಲಿ, ಕಿಕ್ ತಿಂದು, ಕೆಮ್ಮಿ ಚಾಲೂ ಆಯಿತು. ಚಹಾದ ಅಂಗಡಿಯ ಮುಂದೆ ದುಂಡಪ್ಪ ನಿಂತಿದ್ದ. ಅದೇ ಹೊತ್ತಿಗೆ ಎದುರಿನ ರಸ್ತೆಯಿಂದ ಮೈಕಿನ ಆಟೋ ಕೂಗುತ್ತ ಬಂತು. ಬಾಳಪ್ಪನವರು ಗಕ್ಕನೆ ಬ್ರೇಕು ಹಾಕಿದರು.

"ದುಂಡಪ್ಪಾ, ಈ ದನಿ ಯಾರದು ಗೊತ್ತೈತೇನು?"

"ಯಾವದೋ ಪ್ಯಾಟಿ ಹುಡಿಗೀದು ಇರಬೇಕು."

"ಪ್ಯಾಟಿ ಹುಡಿಗೀದಲ್ಲೋ, ನನ್ನ ಮಗಳದು! ಗಳಸೂ ಮಗಳು!" ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಕೂಗಿದರು. ಶೀತಲ ನಾಚಿ ಅಪ್ಪನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು.

ದುಂಡಪ್ಪನ ಮೀಸೆಯಲ್ಲಿ ನಗೆ ಹಬ್ಬಿತು. ಎರಡು ವರ್ಷದಿಂದ ಕಾದಿಟ್ಟುಕೊಂಡಿದ್ದ ಸಿಟ್ಟಿಗೆ ಸರಿಯಾದ ಹೊತ್ತು ಸಿಕ್ಕಿತ್ತು. "ಹಂಗಾದ್ರ ಆಕಿ ಇನ್ನ ನಿನ್ನ ಆಶ್ರಿತ ಅಲ್ಲ. ಇವತ್ತಿನ ಚಹಾದ ರೊಕ್ಕ ಆಕೀನ ಕೊಡಲಿ. ಕಾಯ್ದೆ ಅಂದ್ರ ಕಾಯ್ದೆ."

ಚಹಾ ಬಂತು. ಮೂವರೂ ಕುಡಿದರು. ಬೆಳಗಾವಿಯ ಬಸ್ಸು ಬಂದು, ನಿಂತು, ಹೋಗಿಯೂ ಬಿಟ್ಟಿತು. ಗ್ಲಾಸು ಕೆಳಗಿಟ್ಟಾಗ ಬಾಳಪ್ಪನವರ ಕೈ ರೂಢಿಯಂತೆ ಜೇಬಿನ ತನಕ ಹೋಯಿತು. ಶೀತಲ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಮಗಳು ಇನ್ನೊಂದು ಕೈಯಿಂದ ಪರ್ಸು ತೆಗೆದು ಚಹಾದ ದುಡ್ಡು ಕೊಡುವ ತನಕ, ಅಂಗೈಯ ಲಿಂಗ ನೋಡುವಂತೆ ದೃಷ್ಟಿ ಕದಲಿಸದೆ, ಬಾಳಪ್ಪನವರು ಅವಳನ್ನೇ ನೋಡುತ್ತ ನಿಂತಿದ್ದರು.